ಊಟದ ಚೀಲದಲ್ಲಿ ಬಂದ ಕೆಪಾಸಿಟರ್

ಮಳವಳ್ಳಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರು. ಹೋದ ವರ್ಷ ಹತ್ತನೇ ತರಗತಿಗೆ, ಕರೆಂಟನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಎಂದರೇನೆಂದು ತೋರಿಸಿದೆ. ಬೆರಳ ತುದಿಯಷ್ಟಿರುವ ಅದನ್ನು ಸಣ್ಣ ಬ್ಯಾಟರಿಗೆ ತಾಗಿಸಿ, ತೆಗೆದು, ಪುಟ್ಟ ಎಲ್‌ಇಡಿಗೆ ಜೋಡಿಸಿದರೆ, ಬ್ಯಾಟರಿಯೇ ಇಲ್ಲದೆ ದೀಪ ಹತ್ತಿ ನಿಧಾನವಾಗಿ ಮಂಕಾಗುತ್ತದೆ. ಮಕ್ಕಳು ಮತ್ತೆ ಮತ್ತೆ ಮಾಡಿಸಿ ನೋಡಿದರು.

ಮಾರನೆಯ ದಿನ ಮೊದಲ ಪೀರಿಯಡ್ಡಿನಲ್ಲೇ ಹುಡುಗಿಯೊಬ್ಬಳು ಊಟದ ಚೀಲವನ್ನು ಎದೆಗೊತ್ತಿಕೊಂಡು ಎದ್ದು ನಿಂತಳು.

"ಮಿಸ್, ದೊಡ್ಡದ್ನ ತಂದಿವ್ನಿ. ನಮ್ ಪಂಪ್‌ಸೆಟ್ಟಿಂದು. ಮೋಟ್ರು ಸರ್ಯಾಗಿ ತಿರ್ಗಲ್ಲ ಅಂತ ಬೆಳಿಗ್ಗೆ ನಮ್ಮಪ್ಪ ಬಿಚ್ಚಾಕಿದ್ರು."

ಚೀಲದ ಬಾಯಿಂದ ಎರಡು ವೈರು ಹೊರಗೆ ಚಾಚಿದ್ದವು. ತುದಿಯಲ್ಲಿ ಬರಿಯ ತಾಮ್ರ. ಪಕ್ಕದಲ್ಲೇ ಅವಳ ಹೆಬ್ಬೆರಳು.

ಮೋಟಾರಿನಿಂದ ಬಿಚ್ಚಿದ ಮೇಲೂ ಅಂಥದ್ದರೊಳಗೆ ಕರೆಂಟು ಉಳಿದಿರಬಹುದು. ಎರಡೂ ತುದಿ ಒಟ್ಟಿಗೆ ಮೈಗೆ ತಾಗಿದರೆ ಏನಾದೀತೆಂದು ಯೋಚಿಸಲೂ ಹೆದರಿಕೆಯಾಯಿತು. ಕೂಗಿದರೆ ಬೆಚ್ಚಿ ಮುಟ್ಟಿಬಿಟ್ಟಾಳು. ದನಿ ತಗ್ಗಿಸಿ ಹೇಳಿದೆ:

"ವೈರು ಮುಟ್ಟಬೇಡ. ಚೀಲ ಮೆತ್ತಗೆ ನೆಲಕ್ಕಿಡು. ಈಗ ಹಿಂದಕ್ಕೆ ಸರಿ."

ಅವಳು ಹಾಗೆಯೇ ಮಾಡಿದಳು. ಮಕ್ಕಳನ್ನೆಲ್ಲ ವರಾಂಡಕ್ಕೆ ಕಳಿಸಿ, ಲ್ಯಾಬಿನಿಂದ ರಬ್ಬರ್ ಗ್ಲೌಸು, ಹೋಲ್ಡರಿಗೆ ಹಾಕಿದ ಹಳೆಯ ಬಲ್ಬು ತಂದೆ. ಗ್ಲೌಸು ತೊಟ್ಟೆ. ಒಳಗೆ ಉಳಿದ ಕರೆಂಟು ಖಾಲಿಯಾಗಲೆಂದು ಬಲ್ಬಿನ ವೈರುಗಳನ್ನು ಆ ಎರಡು ತುದಿಗಳಿಗೆ ತಾಗಿಸಿದೆ. ಬಲ್ಬು ಒಮ್ಮೆ ಕೆಂಪಗೆ ಮಿನುಗಿ ಆರಿತು.

ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. ಮತ್ತೆ ತಾಗಿಸಿದೆ, ಏನೂ ಇಲ್ಲ. ಆದರೂ ನನಗೆ ಧೈರ್ಯ ಬರಲಿಲ್ಲ. ಇನ್ನೂ ಎರಡು ಸಲ ನೋಡಿ, ಮತ್ತೆ ಕರೆಂಟು ಸೇರದಂತೆ ತುದಿಗಳನ್ನು ಒಂದಕ್ಕೊಂದು ಸುತ್ತಿಟ್ಟೆ.

ಒಳಗೆ ಬಂದ ಹುಡುಗಿಯ ಮುಖ ಬಿಳಿಚಿತ್ತು. "ಬಸ್ಸಲ್ಲಿ ತೊಡೆ ಮ್ಯಾಲೆ ಮಡಿಕ್ಕಂಡು ಬಂದೆ ಮಿಸ್. ಪಕ್ಕದಲ್ಲಿ ನನ್ ತಂಗಿ ಕೂತಿದ್ಲು."

ಅವಳನ್ನು ಹತ್ತಿರ ಕೂರಿಸಿಕೊಂಡು ಅವರಪ್ಪನಿಗೆ ಫೋನು ಮಾಡಿದೆ.

"ಮೋಟ್ರು ಆಫ್ ಮಾಡೇ ಬಿಚ್ಚಿದ್ದು ಮೇಡಮ್ಮೋರೆ," ಎಂದರು ಅವರು. "ಇನ್ನೆಲ್ಲಿದ್ದದು ಅದ್ರಲ್ಲಿ ಕರೆಂಟು? ಈಗ ಒಸದು ಆಕ್ತಾ ಇವ್ನಿ."

"ಬರಿಗೈಲಾ?"

"ಊಂ."

"ಒಂದು ಸಲ ಓಡಿಸಿ ನೋಡಿದರೂ ಸಾಕು, ಹೊಸದರಲ್ಲೂ ಕರೆಂಟು ತುಂಬಿಕೊಳ್ಳುತ್ತೆ. ದಯವಿಟ್ಟು ಅದನ್ನ ಬಿಟ್ಟು ಈಗಲೇ ಸ್ಕೂಲಿಗೆ ಬನ್ನಿ," ಎಂದೆ.

ಅವರು ಬರುವ ತನಕ ನನ್ನ ಕಣ್ಣು ಗೇಟಿನ ಮೇಲೇ ಇತ್ತು. ಪಾಠದಲ್ಲಿ ಎರಡು ಸಲ ತಪ್ಪಿದೆ. ಕೊನೆಗೆ ಗದ್ದೆಯ ಕೆಸರು ಮೆತ್ತಿದ ಕಾಲಲ್ಲೇ ಬೈಕಿಳಿದು ಬಂದರು. ಬಲ್ಬು ಮಿನುಗಿದ್ದನ್ನು ಹೇಳಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮಗಳನ್ನು ಕರೆದು ಅವಳ ಎರಡೂ ಅಂಗೈ ಬಿಡಿಸಿ ನೋಡಿದರು.

"ಒಸದ್ನ ಮೆಕ್ಯಾನಿಕ್ಕೇ ಆಕ್ಲಿ ಬುಡಿ," ಎಂದರು ನನ್ನ ಮುಖ ನೋಡದೆ.