ನಾನು ಕೆತ್ತಿದ ಗುಡಿಸು

ಗಿರಿಜಾ ಮೇಡಂ, ನಿಮ್ಮ ಕಾರಿನೊಳಗಿರುವ ಆ ಹೆಸರನ್ನು ಕೆತ್ತಿದವನು ನಾನು. ನಿಮ್ಮ ತಂದೆಯಲ್ಲ.

ಇಷ್ಟು ಬರೆಯುವುದಕ್ಕೆ ಆರು ವರ್ಷ ಹಿಡಿಯಿತು. ಊರವರಿಗೆಲ್ಲ ಕಥೆ ಹೇಳಿ ನಗಿಸುವ ಬಾಯಿ ನನ್ನದು — ನಿಮ್ಮೆದುರು ಮಾತ್ರ...

ಸಾರಕ್ಕಿಯ ನನ್ನ ಶೆಡ್ಡಿಗೆ ನೀವು ಮೊದಲ ಸಲ ಬಂದ ಬೆಳಿಗ್ಗೆ ನೆನಪಿದೆಯೇ? ಮೇಲಿನ ಹುಡ್ಡು ಹಿಂದಕ್ಕೆ ಮಡಚುವ ಆ ಹಳೇ ಅಮೆರಿಕನ್ ಕಾರನ್ನು ಎರಡು ವರ್ಷ ಕೂತು ಸರಿಮಾಡಿ ಮಾರಾಟಕ್ಕೆ ನಿಲ್ಲಿಸಿದ್ದೆ. ಬಂದವರೆಲ್ಲ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು, ಕೊಳ್ಳುವವರಿಲ್ಲ. ನೀವು ಚಪ್ಪಲಿ ಬಿಟ್ಟು ಹತ್ತಿರ ಬಂದಿರಿ.

"ನಮ್ಮಪ್ಪ ಜಯನಗರದಲ್ಲಿ ಒಬ್ರು ಸಾಹುಕಾರ್ರ ಹತ್ರ ಡ್ರೈವರ್ ಆಗಿದ್ರು. ಇಂಥದ್ದೇ ಕಾರು. ನನ್ನ ಹತ್ತಿಸ್ಕೊಳೋ ಹಾಗಿರ್ಲಿಲ್ಲ. ಮಗಳ ಹೆಸರನ್ನಾದ್ರೂ ಕೂರಿಸ್ತೀನಿ ಅಂತ ಡ್ಯಾಶ್‌ಬೋರ್ಡ್ ಗೂಡಿನ ಮುಚ್ಚಳದ ಒಳಗಡೆ ಮೊಳೇಲಿ ಬರೆದಿದ್ರಂತೆ. ನಾನು ನೋಡಿಲ್ಲ. ಇದೇ ಕಾರಾ, ರುದ್ರಣ್ಣ?"

ಇನ್ನೊಂದು ಕೈ ಬಣ್ಣ ಹಚ್ಚಲೆಂದು ಆ ಮುಚ್ಚಳವೊಂದನ್ನು ಬಿಚ್ಚಿಟ್ಟಿದ್ದೆ. ಒಳಗೆ ಏನೂ ಇರಲಿಲ್ಲ — ಹಳೇ ಬಣ್ಣ ಉಜ್ಜಿ ತೆಗೆದವನು ನಾನೇ, ಒಂದು ಗೀರೂ ಕಂಡಿರಲಿಲ್ಲ. ಇಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು?

"ಹೆಸರೇನು ಮೇಡಂ?"

"ಗಿರಿಜಾ."

"ಸಂಜೆ ಬನ್ನಿ. ಹುಡುಕಿ ಇಟ್ಟಿರ್ತೀನಿ."

ನೀವು ತಿರುವು ದಾಟುವುದನ್ನೇ ಕಾದು ಮೊಳೆ ಕೈಗೆತ್ತಿಕೊಂಡೆ. ಕೆತ್ತಿದ ಗೆರೆ ಹೊಸದಾಗಿ ಹೊಳೆಯಬಾರದೆಂದು ಹಳೇ ಗ್ರೀಸು ತಿಕ್ಕಿದೆ.

ಸಂಜೆ ನೀವು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದಿರಿ. ಎರಡನೆಯ ಅಕ್ಷರದ ಮೇಲೆ ಬೆರಳು ನಿಂತಿತು. ಜೀವಮಾನವಿಡೀ ಮಕ್ಕಳ ಕಾಗುಣಿತ ತಿದ್ದಿದ ಟೀಚರು ನೀವು. ಸಿಕ್ಕಿಬಿದ್ದೆ ಎಂದುಕೊಂಡೆ. ನೀವು ಅಳತೊಡಗಿದಿರಿ.

"ಅಪ್ಪನಿಗೆ ರಕಾರಕ್ಕೆ ಗುಡಿಸು ಹಾಕೋದು ಬರ್ತಾನೇ ಇರ್ಲಿಲ್ಲ. 'ಗಿರಜಾ' ಅಂತ ಬರೀತಿದ್ರು. ಚಿಕ್ಕೋಳಿದ್ದಾಗ ಗೆಳತೀರ ಮುಂದೆ ಆಡ್ಕೊಂಡು ನಕ್ಕಿದ್ದೆ. ಆಮೇಲೆ ನನ್ನೆದುರು ಅವರು ಪೆನ್ನೇ ಮುಟ್ಲಿಲ್ಲ... ನೋಡಿ ರುದ್ರಣ್ಣ, ನನಗೋಸ್ಕರ ಕಲ್ತಿದ್ರು."

ಆಗಲಾದರೂ — ಆಗಲಾದರೂ ಬಾಯಿ ಬಿಡಬಹುದಿತ್ತು. ಕೀಲಿಕೈಯನ್ನು ಅಂಗಿಗೆ ಒರೆಸಿ ನಿಮ್ಮ ಕೈಗಿಟ್ಟೆ.

ಅಂದಿನಿಂದ ಪ್ರತಿ ಆಯುಧಪೂಜೆಗೆ ಕಾರನ್ನು ನನ್ನ ಶೆಡ್ಡಿಗೇ ತರುತ್ತೀರಿ. ಮೊದಲ ಕುಂಕುಮ ಆ ಮುಚ್ಚಳಕ್ಕೆ. "ಅಪ್ಪನ ಅಕ್ಷರ ಮಾಸಿಲ್ಲ ಅಲ್ವಾ?" ಎನ್ನುತ್ತೀರಿ. "ಎಲ್ಲಿ ಮಾಸತ್ತೆ ಮೇಡಂ" ಎನ್ನುತ್ತೇನೆ. ನೀವು ಕೊಟ್ಟ ಸಿಹಿಯನ್ನು ತಿನ್ನುತ್ತೇನೆ ಕೂಡ.

ಮೊನ್ನೆ ಶೆಡ್ಡಿಗೆ ಅಂಥದ್ದೇ ಇನ್ನೊಂದು ಕಾರು ಬಂತು. ಇದೂ ಮಾರಾಟಕ್ಕೆ. ಗೂಡಿನ ಮುಚ್ಚಳದ ಒಳಬದಿಯ ಬಣ್ಣವನ್ನು ಪದರ ಪದರವಾಗಿ ಉಜ್ಜುತ್ತಿದ್ದೆ. ಗೆರೆ ಎದ್ದಿತು. ಆಮೇಲೆ ಅಕ್ಷರ. ಸೊಟ್ಟ ಸೊಟ್ಟ ಮೂರು ಅಕ್ಷರ —

ಗಿರಜಾ.

ಕಾರಿನ ಮಾಲೀಕ ಹಿಂದೆಯೇ ನಿಂತಿದ್ದ. "ಯಾವನೋ ಗೀಚವ್ನೆ ಗುರು. ಪುಟ್ಟಿ ಮೆತ್ತಿ ಮುಚ್ಚಾಕು. ಶನಿವಾರ ತಗೊಳೋ ಪಾರ್ಟಿ ನೋಡಕ್ ಬರ್ತಾವ್ರೆ."

ಒಂದು ಬೆರಳಷ್ಟು ಪುಟ್ಟಿ ಸಾಕಿತ್ತು, ಮೇಡಂ. ನನ್ನ ಸುಳ್ಳು ನಾನು ಸಾಯುವತನಕ ಬದುಕುತ್ತಿತ್ತು. ಕಲಸಿಯೂ ಇದ್ದೆ. ನೋಡುತ್ತ ಕೂತೆ, ಅದು ಕಲಸಿದ ತಗಡಿನ ಮೇಲೇ ಗಟ್ಟಿಯಾಗಿಹೋಯಿತು.

ನಿಮ್ಮ ತಂದೆ ಕಲಿತಿರಲಿಲ್ಲ. ಆ ಗುಡಿಸು ನನ್ನದು. ಹೀಗೆ ಹೇಳಿ ನಿಮ್ಮ ಆರು ವರ್ಷದ ಸಮಾಧಾನವನ್ನು ಕಿತ್ತುಕೊಳ್ಳುತ್ತಿದ್ದೇನೆ, ಅದೂ ಗೊತ್ತು. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ.

ಮುಚ್ಚುವುದಿಲ್ಲ ಎಂದು ಮಾಲೀಕನಿಗೆ ಹೇಳಿದ್ದೇನೆ, ಶನಿವಾರದವರೆಗೆ ಒಪ್ಪಿದ್ದಾನೆ. ಅಷ್ಟರೊಳಗೆ ಬನ್ನಿ. ಬೈಯುವುದಕ್ಕಾದರೂ ಬನ್ನಿ. ಮುಚ್ಚಳವನ್ನು ಬಾಗಿಲ ಬೆಳಕಿಗೆ ಇಟ್ಟಿದ್ದೇನೆ.

ರಕಾರಕ್ಕೆ ಗುಡಿಸು ಇಲ್ಲ.