ಗಳಿಗೆ ಮುರಿಯದ ಹಸಿರು ಸೀರೆ

ನನ್ನ ಸೋದರಮಾವನ ಮೂಗಿನ ಎಡಹೊಳ್ಳೆಯಲ್ಲಿ ನತ್ತಿನ ತೂತಿತ್ತು. ಅದರ ಕೆಳಗೇ ಒಂದು ದಪ್ಪ ಮೀಸೆ. ಎರಡನ್ನೂ ಒಂದೇ ಮುಖದಲ್ಲಿ ಕಂಡ ಹೊಸಬರು ಎಲ್ಲಿ ನೋಡಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಿದ್ದರು. ಮಾವನಿಗೆ ಅದೇ ಮಜಾ. "ಮೀಸಿ ನಂದು, ತೂತು ಕಂಪನೀದು" ಎಂದು ತಾನೇ ಹೇಳಿ ನಗುತ್ತಿದ್ದ.

ಹದಿನಾರನೆಯ ವಯಸ್ಸಿಗೆ ಹಿರೇಬೆಂಡಿಗೇರಿಯ ಮನೆ ಬಿಟ್ಟು ನಾಟಕ ಕಂಪನಿ ಸೇರಿದವನು ಆತ. ಹೆಣ್ಣಿನ ಪಾರ್ಟನ್ನು ಗಂಡಸರೇ ಮಾಡುತ್ತಿದ್ದ ಕಾಲ. ಹದಿನೈದು ವರ್ಷ ರಾಣಿಯಾಗಿ ಮೆರೆದ. ಆಮೇಲೆ ಹೆಂಗಸರೇ ರಂಗಕ್ಕೆ ಬಂದರು, ಮಾವನ ದನಿಯೂ ಗಡುಸಾಗಿತ್ತು. ಒಂದು ಟ್ರಂಕು ಹೊತ್ತುಕೊಂಡು ಊರಿಗೆ ಬಂದು, ಮೀಸೆ ಬಿಟ್ಟು, ಅಜ್ಜ ಉಳಿಸಿಹೋಗಿದ್ದ ಒಂದಿಷ್ಟು ಹೊಲ ನೋಡಿಕೊಳ್ಳತೊಡಗಿದ. ಮದುವೆಯಾಗಲಿಲ್ಲ. ಅಜ್ಜ ಅಜ್ಜಿ ಇಬ್ಬರೂ ತೀರಿಹೋಗಿದ್ದರಿಂದ ನಮ್ಮ ಅವ್ವನಿಗೆ ತವರು ಎಂದರೆ ಈ ತಮ್ಮನೊಬ್ಬನೇ.

ನಮ್ಮ ಮನೆ ಶಿಗ್ಗಾಂವದಲ್ಲಿ. ಅಪ್ಪ ಕಾಳಿನ ವ್ಯಾಪಾರಿ, ಪೇಟೆಯಲ್ಲಿ ನಾಲ್ಕು ಮಂದಿ ಎದ್ದು ನಿಂತು ನಮಸ್ಕಾರ ಮಾಡುವಂಥ ಮನುಷ್ಯ. ಆದರೆ ಮಾವ ಊರಿಗೆ ಬಂದ ಸುದ್ದಿ ತಿಳಿದರೆ ಅದೇ ನಾಲ್ಕು ಮಂದಿ, "ಏನ್ರಿ ಸಾವಕಾರ್ರ, ನಿಮ್ಮ ನಾದಿನಿ ಬಂದಾಳಂತಲ್ಲ?" ಎಂದು ಚೇಷ್ಟೆ ಮಾಡುತ್ತಿದ್ದರು. ಅಪ್ಪ ಮೈಯೆಲ್ಲ ಉರಿದುಕೊಂಡು ಮನೆಗೆ ಬರುತ್ತಿದ್ದ. ಹೀಗಾಗಿ ಮಾವ ನಮ್ಮ ಮನೆಗೆ ಬರುತ್ತಿದ್ದದ್ದು ಹಿತ್ತಲ ಬಾಗಿಲಿನಿಂದ, ಅದೂ ಅಪ್ಪ ಪೇಟೆಗೆ ಹೋದ ಮೇಲೆ. ಅವ್ವ ಕೊಟ್ಟ ಚಹಾ ಕುಡಿದು, ಬಂದ ದಾರಿಯಲ್ಲೇ ಹೋಗುತ್ತಿದ್ದ.

ನವರಾತ್ರಿಯಲ್ಲಿ ಮಾತ್ರ ಆತ ಬಾರದೆ ನಡೆಯುತ್ತಿರಲಿಲ್ಲ. ನಮ್ಮ ಮನೆಯ ದೇವಿಗೆ ಸೀರೆ ಉಡಿಸುವ ಕೈ ಬೇರೆ ಯಾರಿಗೂ ಇರಲಿಲ್ಲ.

ಈಗ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಎಂದು ಪೇಪರಿನವರು ಪಟ್ಟಿ ಹಾಕುತ್ತಾರೆ, ನನ್ನ ಮೊಮ್ಮಗಳು ಅದನ್ನು ನೋಡಿಕೊಂಡು ಕಪಾಟು ತೆಗೆಯುತ್ತಾಳೆ. ಉಡಲಿ, ಚೆಂದ ಕಾಣುತ್ತಾಳೆ. ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾಲ್ಕೇ ಬಣ್ಣ, ಉಡುತ್ತಿದ್ದವಳು ದೇವಿ. ಮಣ್ಣಿನಲ್ಲಿ ಕಾಳು ಬಿತ್ತಿ ಘಟ್ಟ ಹಾಕಿದ ಮೊದಲ ದಿನ ಬಿಳಿ, ಕಾಳು ಇನ್ನೂ ಮಣ್ಣೊಳಗೆ ಇರುತ್ತದಲ್ಲ, ಅದಕ್ಕೆ. ಘಟ್ಟದಲ್ಲಿ ಮೊಳಕೆ ಕಂಡ ದಿನ ಹಳದಿ. ಅಷ್ಟಮಿಗೆ ಕೆಂಪು, ಅದು ದೇವಿಯ ಸಿಟ್ಟಿನ ದಿನ. ನವಮಿಗೆ ಹಸಿರು, ಸಿಟ್ಟಿಳಿದ ತಾಯಿಗೆ ಹೊಲದ ಬಣ್ಣ. ಬಿಳಿ, ಹಳದಿ, ಕೆಂಪು ಸೀರೆಗಳು ವರ್ಷ ವರ್ಷ ಅವೇ ನಡೆಯುತ್ತಿದ್ದವು. ನವಮಿಯ ಹಸಿರು ಮಾತ್ರ ಗಳಿಗೆ ಮುರಿಯದ ಹೊಸದೇ ಆಗಬೇಕು. ಹೊಸ ಸೀರೆಯ ಮಡಿಕೆ ಬಿಚ್ಚಿ ಮೊದಲ ಸಲ ಉಡುವುದಕ್ಕೆ ನಮ್ಮ ಕಡೆ ಗಳಿಗೆ ಮುರಿಯುವುದು ಎನ್ನುತ್ತಾರೆ. ನವಮಿಯ ದಿನ ದೇವಿ ಗಳಿಗೆ ಮುರಿದ ಸೀರೆಯನ್ನು ಮರುದಿನ ದಸರೆಗೆ ಮನೆಯ ಯಜಮಾನಿ ಪ್ರಸಾದವೆಂದು ಉಡುತ್ತಿದ್ದಳು.

ಮಣೆಯ ಮೇಲೆ ಕೊಡ, ಅದಕ್ಕೆ ಹೆಗಲಿನಂತೆ ಅಡ್ಡ ಕಟ್ಟಿದ ಜೋಳದ ದಂಟು, ಮೇಲೆ ಬೆಳ್ಳಿಯ ಮುಖ. ಇಷ್ಟರ ಮೇಲೆ ಮಾವ ಹದಿನಾರು ಮೊಳದ ಸೀರೆ ಉಡಿಸಿದರೆ ದೇವಿ ಈಗ ಎದ್ದು ನಡೆದಾಳು ಅನ್ನಿಸುತ್ತಿತ್ತು. ಒಂದು ಪಿನ್ನನ್ನೂ ಮುಟ್ಟುತ್ತಿರಲಿಲ್ಲ. "ತಾಯೀಗೆ ಯಾರರೆ ಸೂಜಿ ಚುಚ್ಚತಾರೇನ?" ಎನ್ನುತ್ತಿದ್ದ. ನಿರಿಗೆ ಹಿಡಿಯುವಾಗ ಮಾತ್ರ ಮಾತಿಲ್ಲ, ಮೀಸೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದ.

ಬಣ್ಣದ ವಿಷಯದಲ್ಲಿ ಮಾವ ಯಾರ ಮಾತೂ ಕೇಳುವವನಲ್ಲ. ಒಮ್ಮೆ ಅಷ್ಟಮಿಯ ಕೆಂಪು ಸೀರೆ ಹಳತಾಯಿತೆಂದು ಅವ್ವ, ನಾನು, ಮಾವ ಬಂಡಿ ಹೂಡಿಸಿಕೊಂಡು ಸವಣೂರಿಗೆ ಹೋದೆವು. ನಾನು ಎಲ್ಲ ತಿಳಿದವಳ ಹಾಗೆ ಒಂದು ಗಾಢ ಕೆಂಪು ಸೀರೆ ಆರಿಸಿದೆ. ಮಾವ ಅಂಗಡಿಯವನಿಗೆ, "ಸ್ವಲ್ಪ ಬಾಗಲಾ ಮುಚ್ಚರಿ, ದೀಪಾ ಹಚ್ಚರಿ" ಎಂದ. ನಡುಮಧ್ಯಾಹ್ನ! ಅಂಗಡಿಯವನು ಇವನ ಮೂಗು, ಮೀಸೆ ಎರಡನ್ನೂ ನೋಡಿ ಬಾಗಿಲು ಹಾಕಿದ. ದೀಪದ ಬೆಳಕಿನಲ್ಲಿ ನನ್ನ ಸೀರೆ ಒಣಗಿದ ಕಾಚಿನ ಬಣ್ಣಕ್ಕೆ ತಿರುಗಿತ್ತು. ಬಿಸಿಲಿನಲ್ಲಿ ಮಂಕಾಗಿ ಕಂಡಿದ್ದ ಇನ್ನೊಂದು ಕೆಂಪು ದಾಳಿಂಬರದ ಹಾಗೆ ಹೊಳೆಯುತ್ತಿತ್ತು.

"ದೇವೀನ್ನ ಮಂದಿ ನೋಡೂದು ದೀಪದಾಗ, ಬಿಸಲಾಗಲ್ಲ. ಎಲ್ಲಿ ಉಡ್ತಾರ ಅನ್ನೂದು ಮೊದಲ ಕೇಳು, ಆಮ್ಯಾಲ ಬಣ್ಣಾ ಆರಸು, ಖೋಡಿ" ಎಂದ ಮಾವ. ಇವತ್ತಿಗೂ ನಾನು ಸೀರೆಯಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ.

ಇಷ್ಟು ಬಲ್ಲವನು ಕೊಟ್ಟ ಒಂದು ಸೀರೆ ಮಾತ್ರ ಅಕ್ಕನ ಮೈಗೇರಲಿಲ್ಲ. ಕಂಪನಿ ಬಿಟ್ಟು ಬಂದ ವರ್ಷ ತನ್ನ ಕಡೆಯ ಸಂಬಳದಲ್ಲಿ ಅವ್ವನಿಗೆಂದು ಇಳಕಲ್ಲಿನ ಹಸಿರು ರೇಷ್ಮೆ ಸೀರೆ ತಂದಿದ್ದ. ಕೆಂಪು ಸೆರಗು, ಎಳೆ ಜೋಳದ ಗರಿಯ ಹಸಿರು. ನನಗಾಗ ಆರು ವರ್ಷ. ಅಪ್ಪ ಪಡಸಾಲೆಯಲ್ಲಿ ನಿಂತು, "ಹೆಣ್ಣ ವ್ಯಾಷಾ ಹಾಕಿ ಗಳಿಸಿದ ಸೀರಿ ನಮ್ಮ ಮನ್ಯಾಗ ಯಾರೂ ಉಡೂದು ಬ್ಯಾಡ" ಎಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮಾವ ತಲೆ ತಗ್ಗಿಸಿ ಸೀರೆಯನ್ನು ಅಕ್ಕನ ಕಾಲ ಬಳಿ ಇಟ್ಟು ಹೋದ. ಅವ್ವ ಉಡಲಿಲ್ಲ, ತಿರುಗಿ ಕಳಿಸಲೂ ಇಲ್ಲ. ತನ್ನ ಪೆಟ್ಟಿಗೆಯ ತಳದಲ್ಲಿಟ್ಟು ವರ್ಷಕ್ಕೊಮ್ಮೆ ಬೇವಿನ ಎಲೆ ಬದಲಿಸುತ್ತಿದ್ದಳು. ತಮ್ಮ ಕೊಟ್ಟ ಸೀರೆ ಉಡಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದು ಆ ಎಲೆಗಳನ್ನು ಹರಡುವ ಅವಳ ಕೈ ನೋಡಿದರೆ ತಿಳಿಯುತ್ತಿತ್ತು.

ಹನ್ನೆರಡು ವರ್ಷ ಹೀಗೇ ಕಳೆಯಿತು. ನನ್ನನ್ನು ರಟ್ಟೀಹಳ್ಳಿಗೆ ಕೊಟ್ಟಿದ್ದರು, ನವರಾತ್ರಿಗೆ ತವರಿಗೆ ಬಂದಿದ್ದೆ. ಯುದ್ಧದ ಕಾಲ, ಬಟ್ಟೆಗೂ ಕಂಟ್ರೋಲು. ಅಂಗಡಿಗಳಲ್ಲಿ ಒರಟು ಬಿಳಿ ಅರಿವೆ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ನವಮಿಯ ಹಸಿರು ಸೀರೆಗಾಗಿ ಅಪ್ಪ ಶಿಗ್ಗಾಂವ ತಿರುಗಿದ, ಸವಣೂರು ತಿರುಗಿದ, ಹಾನಗಲ್ಲಿಗೂ ಹಿರೇಕೆರೂರಿಗೂ ಆಳು ಕಳಿಸಿದ. ಅಷ್ಟಮಿಯ ಮುಂಜಾನೆ ಬರಿಗೈಯಲ್ಲಿ ಬಂದು ಕುಳಿತು, "ಈ ವರ್ಷ ಹಳೇದs ಉಡಸರಿ" ಎಂದು ರುಮಾಲು ತೆಗೆದಿಟ್ಟ.

ಮರುದಿನ ಅಪ್ಪ ಪೇಟೆಗೆ ಹೋದ ಮೇಲೆ ದೇವರಕೋಣೆಗೆ ಹಸಿರು ಸೀರೆ ಬಂತು.

"ಅಕ್ಕಾ, ಇದು?" ಎಂದ ಮಾವ.

"ಹೊಸಾದು ಐತಿ, ಹಸರ ಐತಿ, ಗಳಿಗಿ ಮುರದಿಲ್ಲ. ದೇವೀಗೆ ಇನ್ನೇನ ಬೇಕು?" ಎಂದಳು ಅವ್ವ. ಅವಳ ಲೆಕ್ಕ ನನಗೆ ಆಗಲೇ ಹೊಳೆಯಿತು. ಇವತ್ತು ದೇವಿ ಉಟ್ಟದ್ದನ್ನು ನಾಳೆ ಅವ್ವ ಉಡಬೇಕು. ಪ್ರಸಾದವನ್ನು ಬೇಡ ಎನ್ನುವ ಧೈರ್ಯ ಅಪ್ಪನಿಗೂ ಇರಲಾರದು.

ಮಾವ ಸೀರೆ ಕಣ್ಣಿಗೊತ್ತಿಕೊಂಡು ಮಡಿಕೆ ಬಿಚ್ಚಿದ. ಮೊದಲ ಮಡಿಕೆಯಲ್ಲೇ ಅವನ ಕೈ ನಿಂತಿತು. ರೇಷ್ಮೆ ಮಡಿಕೆಯ ಗೆರೆಗುಂಟ ಸೀಳಿತ್ತು. ಮುಂದಿನ ಮಡಿಕೆಯೂ ಹಾಗೇ, ಅದರ ಮುಂದಿನದೂ. ರೇಷ್ಮೆಯನ್ನು ಆಗಾಗ ಬಿಚ್ಚಿ ಬೇರೆ ಕಡೆ ಮಡಿಚದಿದ್ದರೆ ಗೆರೆಯಲ್ಲಿ ಸೀಳುತ್ತದೆ. ಅವ್ವನಿಗೆ ಅದು ತಿಳಿಯದ್ದೇನಲ್ಲ. ಆದರೆ ಬಿಚ್ಚಿದರೆ ಗಳಿಗೆ ಮುರಿದಂತಾದೀತೆಂದು ಹನ್ನೆರಡು ವರ್ಷ ಒಂದು ಮಡಿಕೆಯನ್ನೂ ಅಲುಗಿಸಿರಲಿಲ್ಲ.

ಅವ್ವ ಸೀಳಿನ ಮೇಲೆ ಕೈಯಾಡಿಸಿದಳು. "ಹರದದ್ದು ದೇವೀಗೆ ಹೆಂಗ ಉಡಸೂದೋ ತಮ್ಮಾ..."

ಮಾವನ ಕಣ್ಣೂ ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಹೊಸಾದs ಐತಿ ಅನ್ನೂದು ಆಕೀಗೆ ಗೊತ್ತೈತಿ ಅಕ್ಕಾ. ಮಂದೀಗೆ ಕಾಣದಂಗ ಮಾಡೂದು ನನ್ನ ಕೆಲಸ. ಹರಕ ಸೀರ್ಯಾಗ ಎಷ್ಟ ಸಲ ಪಟ್ಟದರಾಣಿ ಆಗೇನಿ, ನಿನಗೇನ ಗೊತ್ತು!" ಎಂದು ಅರಿಷಿಣದ ಬಟ್ಟಲು ತರಿಸಿದ. ಸೀರೆಯನ್ನು ಉದ್ದಕ್ಕೆ ಹಾಸಿ, ಒಂದೊಂದು ಸೀಳಿನ ಪಕ್ಕಕ್ಕೆ ಒಳಮೈಯಲ್ಲಿ ಅರಿಷಿಣದ ಬೊಟ್ಟಿಟ್ಟ. ಒಟ್ಟು ಏಳು. ಮೀಸೆ ಕಚ್ಚಿಕೊಂಡು ಉಡಿಸಲು ನಿಂತವನು ನಾಲ್ಕನ್ನು ನಿರಿಗೆಯೊಳಗೆ ಹಾಕಿದ, ಎರಡನ್ನು ಸೊಂಟದ ಸುತ್ತಿನಲ್ಲಿ, ಒಂದನ್ನು ಸೆರಗಿನ ಮಡಿಕೆಯಲ್ಲಿ. ಆ ದಿನ ಉಡಿ ತುಂಬಲು ಬಂದ ಓಣಿಯ ಹೆಂಗಸರು, "ಈ ಕಂಟ್ರೋಲಿನ್ಯಾಗ ಇಂಥಾ ಹಸರ ಎಲ್ಲಿ ಸಿಕ್ತರಿ?" ಎಂದು ಬೆರಗಾಗಿ ಹೋದರು.

ಪೂಜೆ ಮುಗಿದ ಕೂಡಲೇ ಊರಿಗೆ ಹೋಗಿಬಿಡುತ್ತಿದ್ದ ಮಾವನಿಗೆ ಆ ಸಲ ಹೋಗಲಾಗಲಿಲ್ಲ. ಸೀಳು ಎಲ್ಲೆಲ್ಲಿ ಅಡಗಬೇಕೆಂದು ಬಲ್ಲವನು ಅವನೊಬ್ಬನೇ. ಆ ರಾತ್ರಿ ತಡವಾಗಿ ಬಂದ ಅಪ್ಪ ಹೊಸ್ತಿಲಲ್ಲೇ ದೇವಿಗೆ ಕೈಮುಗಿದು ಮಲಗಿದ, ಮಾವ ಹಿತ್ತಲಲ್ಲಿ ಮಲಗಿದ. ದಸರೆಯ ಸಂಜೆ ಅಪ್ಪ ಬನ್ನಿ ತರಲು ಹೋದಾಗ ಅವ್ವ ಮತ್ತು ನಾನು ಕೋಣೆಯ ಬಾಗಿಲು ಹಾಕಿಕೊಂಡೆವು. ಮಾವ ಹೊರಗೆ ಬಾಗಿಲಿಗೆ ಬೆನ್ನು ಹಚ್ಚಿ ಕುಳಿತ.

"ಮೊದಲನೇ ಬೊಟ್ಟ ಎಡಗಡೆ ಸ್ವಂಟಕ್ಕ ಬಂತೇನ?"

"ಬಂತು ಮಾವಾ."

"ಒಳಗ ಸಿಗಸು. ಇನ್ನ ನಿರಿಗಿ ಹಿಡಿ. ಬೊಟ್ಟ ಬಂದಲ್ಲೆ ಹೊಳ್ಳಿಸಿ ಹಿಡಿ. ಅಕ್ಕಾ, ಉಸರ ಬಿಡು, ಯುದ್ಧಕ್ಕ ಹೊಂಟಿಲ್ಲ ನೀ!"

ಅವ್ವ ಅಷ್ಟು ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. ಎರಡು ಸಲ ಬಿಚ್ಚಿ ಮೂರನೆಯ ಸಲಕ್ಕೆ ಸರಿಯಾಯಿತು. ಅವ್ವ ಹೊರಗೆ ಬಂದಳು. ಮಾವ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಖ ತಿರುಗಿಸಿಕೊಂಡ. ಅಷ್ಟರಲ್ಲಿ ಅಪ್ಪ ಬಂದೇಬಿಟ್ಟ.

ಮಾವ ಕಂಬದ ಹಿಂದೆ ಸರಿದ. ಅಪ್ಪ ಸೀರೆ ನೋಡಿದ. "ಯಾವ ಅಂಗಡೀದು?"

"ದೇವಿ ಪ್ರಸಾದ ಐತ್ರಿ" ಎಂದು ಅವ್ವ ನಮಸ್ಕಾರಕ್ಕೆ ಬಗ್ಗಿದಳು. ಮೊಣಕಾಲಿನ ಬಳಿ ಸೀರೆ ಚರ್ ಎಂದಿತು. ಅವ್ವ ಬಗ್ಗಿದವಳು ಏಳಲಿಲ್ಲ.

ಅಪ್ಪ ಆ ಸೀಳನ್ನು ನೋಡುತ್ತ ನಿಂತಿದ್ದ. ಆಮೇಲೆ ಮೆಲ್ಲಗೆ ಅಂದ: "ಹನ್ನೆರಡ ವರ್ಷ ಪೆಟಗ್ಯಾಗ ಇಡಿಸಿದ್ರ, ಹರೀಲಾರದ ಏನ ಮಾಡ್ತೈತಿ."

ಪೆಟ್ಟಿಗೆಯ ತಳದಲ್ಲಿ ಏನಿದೆಯೆಂದು ಅವನಿಗೆ ಅಷ್ಟು ವರ್ಷವೂ ಗೊತ್ತಿತ್ತು! ಇಡಿಸಿದವನು ತಾನೆಂದೂ ಗೊತ್ತಿತ್ತು. ಅಪ್ಪ ಕಂಬದ ಕಡೆ ತಿರುಗಿ, "ಅಲ್ಯಾಕ ನಿಂತೀಯೋ? ಸಣ್ಣಾಂವ ಅಲ್ಲೇನ ನೀ, ಬನ್ನಿ ಕೊಡಬಾರದ?" ಎಂದ. ಮಾವ ಬಂದು ಬನ್ನಿ ಎಲೆ ಅವನ ಕೈಗಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ" ಎನ್ನಲು ಹೋದ. ಹದಿನೈದು ವರ್ಷ ಮಾತನ್ನೇ ಉಂಡು ಬದುಕಿದವನಿಗೆ ಅಷ್ಟು ಸಣ್ಣ ಮಾತು ಮುಗಿಸಲಾಗಲಿಲ್ಲ. ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ಉಂಡು ಹೋಗು" ಎಂದ.

ಅಂದಿನಿಂದ ಮಾವ ಮುಂಬಾಗಿಲಿನಿಂದಲೇ ಬಂದ. ಪೇಟೆಯಲ್ಲಿ ಯಾರೋ ನಾದಿನಿಯ ಸುದ್ದಿ ಎತ್ತಿದಾಗ ಅಪ್ಪ, "ಹೌದ್ರಿ, ಬಂದಾಳ. ನಿಮ್ಮ ಮನಿ ದೇವೀಗೂ ಸೀರಿ ಉಡಸಬೇಕೇನ?" ಎಂದು ಬಾಯಿ ಮುಚ್ಚಿಸಿದನಂತೆ.

ಆಮೇಲೆ ನಾಲ್ಕೈದು ವರ್ಷಕ್ಕೆ ಮಾವ ಹಾಸಿಗೆ ಹಿಡಿದ. ನೋಡಲು ಹಿರೇಬೆಂಡಿಗೇರಿಗೆ ಹೋದಾಗ ದಿಂಬಿನ ಕೆಳಗಿನಿಂದ ಒಂದು ಹಸಿರು ಸೀರೆ ತೆಗೆದು ನನಗೆ ಕೊಟ್ಟ. ರೇಷ್ಮೆಯಲ್ಲ, ನೂಲಿನದು. "ಇಡಬ್ಯಾಡವಾ" ಎಂದಷ್ಟೇ ಅಂದ. ನಾನು ಒಳಗೆ ಹೋಗಿ ಉಟ್ಟುಕೊಂಡು ಬಂದು ಅವನ ಮುಂದೆ ನಿಂತೆ. ಕೈಲಾಗದಿದ್ದರೂ ಕಣ್ಣು ಮೊದಲಿನದೇ. ಅಡಿಯಿಂದ ಮುಡಿಯವರೆಗೆ ನೋಡಿ, "ಎರಡನೇ ನಿರಿಗಿ ಸಡ್ಲ ಆಗೈತಿ, ಖೋಡಿ" ಎಂದ. ನನ್ನೊಡನೆ ಆಡಿದ ಕಡೆಯ ಮಾತು ಅದು. ಆ ವಾರವೇ ತೀರಿಕೊಂಡ.

ನನ್ನ ಮನೆಗೆ ಸೀರೆ ಬಂದರೆ ಅದರ ಗಳಿಗೆ ಆ ದಿನವೇ ಮುರಿಯಬೇಕು. ಹಬ್ಬ ಬರಲಿ, ಮದುವೆ ಬರಲಿ ಎಂದು ಇಡಲು ಬಿಡುವುದಿಲ್ಲ. ಸೊಸೆಯರು ಇದನ್ನು ಮುದುಕಿಯ ಹಟ ಎಂದುಕೊಂಡಿದ್ದಾರೆ. ಉಟ್ಟು ಮುಂದೆ ಬಂದಾಗ ನಾನು ಮೊದಲು ನೋಡುವುದು ಎರಡನೆಯ ನಿರಿಗೆಯನ್ನು.