ಉಸ್ತಾದನ ಕ್ಲಾಂಪ್

ಲಕಮನಹಳ್ಳಿಯ ಕಾರ್ಖಾನೆಗಳ ಸಾಲಿನಲ್ಲಿ ಶರೀಫಸಾಬರ ವೆಲ್ಡಿಂಗ್ ಶಾಪಿಗೆ ಬೋರ್ಡಿಲ್ಲ. ಸೋರದ ಬೆಸುಗೆ ಬೇಕಾದವರು ಕೇಳಿಕೊಂಡು ಬರುತ್ತಾರೆ. ಸಾಬರಿಗೆ ಅದರ ಜಂಬ ಇತ್ತು, ಇರಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚೇ ಇತ್ತು.

ಅವರ ಶಾಪಿನಲ್ಲಿ ಅಪ್ಪನ ಕಾಲದಿಂದ ಬಂದ ಒಂದು ರಿವಾಜು. ವೆಲ್ಡಿಂಗ್ ಮಶೀನಿನಿಂದ ಎರಡು ಕೇಬಲ್ ಹೊರಡುತ್ತವೆ. ಒಂದರ ತುದಿಗೆ ರಾಡು ಹಿಡಿಯುವ ಹೋಲ್ಡರ್, ಇನ್ನೊಂದರ ತುದಿಗೆ ಕಬ್ಬಿಣವನ್ನು ಕಚ್ಚಿಕೊಳ್ಳುವ ಕ್ಲಾಂಪ್. ಹೋಲ್ಡರನ್ನು ಯಾರಾದರೂ ಹಿಡಿಯಬಹುದು. ಕ್ಲಾಂಪನ್ನು ಮಾತ್ರ ಶಾಪಿನ ಹಿರಿಯನಾದ ಉಸ್ತಾದನೇ ಬಿಸ್ಮಿಲ್ಲಾ ಅಂದು ಹಾಕಬೇಕು. ಹಾಕಿದ ಮೇಲೆ ಕೆಲಸ ಮುಗಿಯುವ ತನಕ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅಪ್ಪ ತೀರಿದ ಮೇಲೆ ಶರೀಫಸಾಬರೇ ಉಸ್ತಾದ. ತಮ್ಮ ಹಫೀಜನದು ಹೋಲ್ಡರ್.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅಮ್ಮಿನಬಾವಿಯ ಕುಬೇರಪ್ಪನ ಹೊಲಕ್ಕೆ ಒಂದು ಕಬ್ಬಿಣದ ನೀರಿನ ಟ್ಯಾಂಕಿ ಮಾಡುವುದಿತ್ತು. ಅದೇ ವಾರ ಹಳೆಯ ಎ.ಸಿ. ಮಶೀನು ಹೋಗಿ ಹೊಸ ಡಿ.ಸಿ. ಮಶೀನು ಬಂದಿತ್ತು. ಟ್ಯಾಂಕಿಯ ಮೂಲೆ ಬೆಸೆಯುವಾಗ ಹಫೀಜ ಕೈ ನಿಲ್ಲಿಸಿದ.

"ಭಾಯಿ, ಮೂಲಿಗೆ ಬಂದ ಕೂಡ್ಲೆ ರಾಡಿನ ಬೆಂಕಿ ಬಾಜೂಕ್ಕ ಓಡತೈತ್ರಿ. ಹಿಡದಲ್ಲೆ ನಿಲ್ಲವಲ್ಲದು."

"ಕುಣಿಲಾರದಾಕಿ ನೆಲ ಡೊಂಕ ಅಂದ್ಳಂತ," ಅಂದರು ಶರೀಫಸಾಬರು. "ಕೈ ಗಟ್ಟಿ ಹಿಡಿ."

ಆರು ತಿಂಗಳಿಗೆ ಅದೇ ಮೂಲೆ ಬಿರಿಯಿತು. ಟ್ಯಾಂಕಿ ಮಗುಚಿ ಕುಬೇರಪ್ಪನ ಬಲಗಾಲು ಮುರಿಯಿತು. ಊರವರೆಲ್ಲ ನೆರೆದ ಕುಬೇರಪ್ಪನ ಮನೆಯ ಅಂಗಳದಲ್ಲಿ ಶರೀಫಸಾಬರು, "ಇದು ನನ್ನ ತಮ್ಮನ ಕೆಲಸ. ಅವನ ಕೈ ನಡಗತೈತಿ," ಅಂದುಬಿಟ್ಟರು. ಹಫೀಜ ಅಂದೇ ಹೋಲ್ಡರ್ ಬಿಟ್ಟು ಬೈರಿದೇವರಕೊಪ್ಪಕ್ಕೆ ಹೋಗಿ ಕುಕ್ಕರ್, ಸ್ಟೋವ್ ರಿಪೇರಿ ಮಾಡಿಕೊಂಡು ಉಳಿದ. ಈದಿಗೆ ಅಣ್ಣತಮ್ಮಂದಿರು ಅಪ್ಪಿಕೊಳ್ಳುತ್ತಿದ್ದರು, ಮಾತಾಡುತ್ತಿರಲಿಲ್ಲ.

ಮುಂದೆ ಶರೀಫಸಾಬರು ತಾವೇ ಹೋಲ್ಡರ್ ಹಿಡಿದಾಗ ಬೆಂಕಿ ಅವರ ಕೈಯಲ್ಲೂ ಓಡಿತು. ಕ್ಲಾಂಪನ್ನು ಅತ್ತಿತ್ತ ಸರಿಸಿದರೆ ನಿಲ್ಲುತ್ತದೆಂದು ಬರಬರುತ್ತ ಕಲಿತರು. ಯಾಕೆ ಎಂದು ಮಾತ್ರ ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ತಮ್ಮದೇ ಮನೆ ಬಾಗಿಲಿಗೆ ಬಂದು ನಿಂತೀತು ಎಂಬ ಅಂಜಿಕೆ ಒಳಗೆಲ್ಲೋ ಇದ್ದಿರಬೇಕು. ಅದನ್ನು ಮುಗ್ಧತೆ ಎನ್ನಲಾಗದು.

ಹೋದ ವರ್ಷ ಧಾರವಾಡದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಿರುಪಮಾ ಬಾಯಿಯವರು ಶಾಪಿಗೆ ಬಂದರು. ಒಂದು ಬದಿಗೆ ಗಾಜಿನ ಕಿಟಕಿ ಇರುವ ಸ್ಟೀಲಿನ ಡಬ್ಬಿ ಬೇಕಿತ್ತು. ಒಳಗಿನ ಗಾಳಿ ಎಳೆದರೆ ಕೂದಲೆಳೆಯಷ್ಟೂ ಸೋರಬಾರದು. ಸಾಬರು ನಾಲ್ಕು ದಿನ ಕೂತು ಮಾಡಿಕೊಟ್ಟರು. ಮೊದಲ ಪಾಠದ ದಿನ ನೀವೂ ಬರಲೇಬೇಕೆಂದು ಬಾಯಿಯವರು ಹಟ ಹಿಡಿದರು. ಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಬೆಂಚಿನಲ್ಲಿ ಕೂತರು.

ಡಬ್ಬಿಯ ಗಾಳಿಯನ್ನು ಬಹುಪಾಲು ಎಳೆದು ಕರೆಂಟ್ ಕೊಟ್ಟಾಗ ಕಿಟಕಿಯಲ್ಲಿ ನೇರಳೆ ಬೆಳಕು ಎದ್ದು ನಿಂತಿತು. "ಇದು ಪ್ಲಾಸ್ಮಾ," ಅಂದರು ಬಾಯಿಯವರು. "ಗಟ್ಟಿ, ದ್ರವ, ಗಾಳಿ ಆದಮ್ಯಾಲೆ ನಾಕನೇದು. ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಳಚಿಕೊಂಡು ಎಲ್ಲಾ ಬಿಡಿಬಿಡಿ ಆಗಿರತಾವು. ನೀರಿನಂಗ ಹರೀತೈತಿ, ತಂತಿಯಂಗ ಕರೆಂಟ್ ಒಯ್ತೈತಿ. ಸೂರ್ಯಾನೂ ಇದ, ಸಿಡಿಲೂ ಇದ."

ಒಂದು ಅಯಸ್ಕಾಂತವನ್ನು ಗಾಜಿನ ಹತ್ತಿರ ತಂದರು. ಬೆಳಕು ಬಳುಕಿ ಒಂದು ಬದಿಗೆ ಸರಿಯಿತು. ಕರೆಂಟ್ ಹರಿದಲ್ಲೆಲ್ಲ ಅದರ ಸುತ್ತ ಕಾಂತಬಲ ಹುಟ್ಟುತ್ತದೆ, ಆ ಬಲ ತಿರುಗಿ ಪ್ಲಾಸ್ಮಾವನ್ನೇ ದೂಡುತ್ತದೆ, ಈ ಹರಿವಿನ ಶಾಸ್ತ್ರಕ್ಕೆ ಮ್ಯಾಗ್ನೆಟೊಹೈಡ್ರೊಡೈನಮಿಕ್ಸ್ ಅನ್ನುತ್ತಾರೆ ಎಂದರು. ಹೆಸರು ಬರೆಯಲು ಬೋರ್ಡಿನ ಅರ್ಧ ಬೇಕಾಯಿತು.

"ಹರಿವು, ಕಾಂತಬಲ ಎರಡೂ ಜೋಡಿ ಎತ್ತ ಇದ್ದಂಗ. ಒಂದ ತಿರುಗಿದ್ರ ಇನ್ನೊಂದಕ್ಕ ಬಿಡುಗಡಿ ಇಲ್ಲ," ಅಂದು ಹಿಂದಿನ ಬೆಂಚಿನತ್ತ ತಿರುಗಿದರು. "ಸಾಬ್ರ, ವೆಲ್ಡಿಂಗ್ ಬೆಂಕೀನೂ ಪ್ಲಾಸ್ಮಾನರಿ. ನಿಮ್ಮದೂ ಹಿಂಗ ಓಡತೈತೇನು?"

ಸಾಬರು ಎದ್ದು ನಿಂತರು. "ಓಡತೈತ್ರಿ ಬಾಯಾರ. ಡಿ.ಸಿ. ಇದ್ದಾಗ, ಮೂಲ್ಯಾಗ."

"ಓಡೂದ. ಕ್ಲಾಂಪ್ ಎಲ್ಲಿ ಕಚ್ಚೈತಿ ಅದರ ಮ್ಯಾಲೆ ಕರೆಂಟಿನ ದಾರಿ. ಮೂಲ್ಯಾಗ ಕಾಂತಬಲ ಒಂದ ಕಡೆ ದಟ್ಟ ಆಗಿ ಬೆಂಕೀನ ಇನ್ನೊಂದ ಕಡೆ ದೂಡತೈತಿ. ಎ.ಸಿ.ಯೊಳಗ ಇಷ್ಟ ಕಾಡೂದಿಲ್ಲ."

"ಕೈ ಗಟ್ಟಿ ಇದ್ರ ನಿಲ್ಲೂದಿಲ್ಲೇನ್ರಿ?"

"ಎಂಥಾ ಕೈ ಇದ್ರೂ ನಿಲ್ಲೂದು ಕಠಿಣ ಐತ್ರಿ. ಕ್ಲಾಂಪ್ ಸರಸಬೇಕು."

ಶರೀಫಸಾಬರು ಕೂತುಕೊಂಡರು. ಪಾಠ ಮುಗಿದು ಹುಡುಗರು ಚಪ್ಪಾಳೆ ತಟ್ಟಿದ್ದು ಅವರಿಗೆ ಕೇಳಿಸಲಿಲ್ಲ. ನೆಲ ಖರೇನೇ ಡೊಂಕಿತ್ತು, ಡೊಂಕು ಮಾಡಿದವರು ಅವರೇ.

ಅಂದು ಮಧ್ಯಾಹ್ನವೇ ಅವರು ಬೈರಿದೇವರಕೊಪ್ಪದ ಬಸ್ ಹತ್ತಿದರು. ಹಫೀಜ ಒಂದು ಕುಕ್ಕರಿನ ಹಿಡಿ ಬಿಗಿಯುತ್ತಿದ್ದ. ಸಾಬರು ನಿಂತಲ್ಲೇ ನಿಂತು ಎಲ್ಲ ಹೇಳಿದರು. "ನಿನ್ನ ಕೈಯದು ತಪ್ಪ ಇರಲಿಲ್ಲೋ ಹಫೀಜ. ಕ್ಲಾಂಪ್ ನಾ ಹಾಕಿದ್ದೆ."

ಹಫೀಜ ತನ್ನ ಅಂಗೈ ನೋಡಿಕೊಂಡ. "ನನ್ನ ಮಗಳು ಹುಟ್ಟಿದಾಗ ಎತ್ತಿಕೊಳ್ಳಾಕ ಅಂಜಿದ್ದೆ, ಭಾಯಿ. ನೀವ ಹೇಳಿದ್ರಿ ಅಂದ್ಮ್ಯಾಲೆ ಖರೇ ಇರಬೇಕಂತ ತಿಳದಿದ್ದೆ." ಮತ್ತೆ ಬಿಗಿಯುವ ಪಾನಾ ಎತ್ತಿಕೊಂಡ. "ಇಲ್ಲಿ ಹೇಳಿದ್ರ ಏನ್ ಬಂತ್ರಿ? ಎಲ್ಲಿ ಅಂದಿದ್ರಿ, ಅಲ್ಲೆ ಹೋಗಿ ಹೇಳ್ರಿ."

ಶುಕ್ರವಾರ ಶರೀಫಸಾಬರು ಅಮ್ಮಿನಬಾವಿಗೆ ಹೋದರು. ಅದೇ ಅಂಗಳ, ಕುಬೇರಪ್ಪ ಕೋಲೂರಿಕೊಂಡು ಹೊರಗೆ ಬಂದ. ಸಾಬರು ನಾಲ್ಕು ಜನ ಹಿರಿಯರನ್ನು ಕರೆಸಿ, ಅವರೆದುರು ತಲೆಯ ಟೋಪಿ ತೆಗೆದು ಹಿಡಿದು, ತಪ್ಪು ತನ್ನದು, ತಮ್ಮನದಲ್ಲ ಎಂದರು. ಕುಬೇರಪ್ಪ ಬೈಯಲಿಲ್ಲ. "ಕಾಲಂತೂ ಹೋತು ಸಾಬ್ರ. ಆದ್ರ ಆ ಹುಡುಗಗ ಇಷ್ಟ ವರ್ಷ ನಾನೂ ಶಾಪ ಹಾಕೇನಿ. ಅದನ್ನ ಹೆಂಗ ಹಿಂದಕ್ಕ ತಗೊಳ್ಳಲಿ?" ಅಂದ. ಮರಳುವಾಗ ಬಸ್ಸಿನಲ್ಲಿ ಸಾಬರು ಅತ್ತರು.

ಸುದ್ದಿ ಬೈರಿದೇವರಕೊಪ್ಪಕ್ಕೆ ಮುಟ್ಟಿತು. ಹದಿನೈದು ದಿನಕ್ಕೆ, ಒಂದು ಮುಂಜಾನೆ ಹಫೀಜ ಶಾಪಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಒಂದು ಟ್ಯಾಂಕಿಯ ಮೂಲೆ ಬೆಸೆಯುವುದಿತ್ತು. ಶರೀಫಸಾಬರು ಗೂಟದಿಂದ ಕ್ಲಾಂಪ್ ತೆಗೆದು ತಮ್ಮನ ಕೈಗೆ ಕೊಟ್ಟರು. ಅಪ್ಪನ ರಿವಾಜು ಅಲ್ಲಿಗೆ ಮುಗಿಯಿತು.

ಹಫೀಜ ಮೂಲೆಯನ್ನು ಸುತ್ತಿ ನೋಡಿ, ಬಿಸ್ಮಿಲ್ಲಾ ಅಂದು, ತನಗೆ ಸರಿ ಕಂಡಲ್ಲಿ ಕ್ಲಾಂಪ್ ಕಚ್ಚಿಸಿದ. ಬೆಂಕಿ ಹತ್ತಿತು. ಓಡಲಿಲ್ಲ. ಒಂದು ಗೇಣು ಹೋಗಿ ಹಫೀಜನೇ ನಿಲ್ಲಿಸಿ ಮುಖದ ಮೇಲಿನ ಕಪ್ಪು ಗಾಜು ಎತ್ತಿದ.

"ನೋಡ್ರಿ ಭಾಯಿ. ಈಗ ಖರೇನ ನಡಗತೈತಿ."

ಶರೀಫಸಾಬರು ಅವನ ಮಣಿಕಟ್ಟು ಹಿಡಿಯಲು ಹೋದರು.

"ಹಿಡೀಬ್ಯಾಡ್ರಿ. ನಡಗಿದ್ರ ನಡಗ್ಲಿ. ನಂದ ಕೈ."

ಹಫೀಜ ಮತ್ತೆ ಬೆಂಕಿ ಹಚ್ಚಿ ಮೂಲೆಯ ತನಕ ಬೆಸೆದ. ಗೆರೆ ಸೊಟ್ಟಗೆ ಬಂತು, ನೀರು ತುಂಬಿ ನೋಡಿದರೆ ಎಲ್ಲೂ ಸೋರಲಿಲ್ಲ. ಆ ಸೊಟ್ಟನ್ನು ಉಜ್ಜಿ ನೇರ ಮಾಡಲು ಶರೀಫಸಾಬರು ಗ್ರೈಂಡರ್ ಹಚ್ಚಲಿಲ್ಲ.